ಸಹಾಯ ಬೇಕು: ಹಳೇ ಮಲ್ಲೇಶ್ವರದ ಮಿಲ್ ಮನೆಗಳ ಫೋಟೊ, ನೆನಪು

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯವರು ಸೇರಿ ಹಳೇ ಮಲ್ಲೇಶ್ವರದ ಬಗ್ಗೆ ಸಣ್ಣದೊಂದು ಪ್ರದರ್ಶನ ಮಾಡುತ್ತಿದ್ದೇವೆ. 1898ರ ಪ್ಲೇಗಿನ ನಂತರ ಬೆಂಗಳೂರಿನ ಹಳೇ ಪೇಟೆ ಬಿಟ್ಟು ಇಲ್ಲಿಗೆ ಬಂದವರ ಬಂಗಲೆ ಫೋಟೊಗಳು ಬೇಕಾದಷ್ಟು ಸಿಕ್ಕಿವೆ. ಕೆಂಪು ಹಂಚು, ಮಂಕಿ ಟಾಪ್ ಕಿಟಕಿ (ಮೇಲೆ ಚೂಪಾದ ಮರದ ಮಾಡು ಇರುವಂಥದ್ದು), ಜಗಲಿ ಮೇಲೆ ಪೇಟ ಸುತ್ತಿದ ಯಜಮಾನರು. ಆದರೆ ಇಲ್ಲಿನ ಬಟ್ಟೆ ಮಿಲ್ ಕೆಲಸಗಾರರ ಮನೆಯದು ಒಂದೂ ಇಲ್ಲ. ಆಗ ಅವರ ಫೋಟೊ ಯಾರು ತೆಗೀತಿದ್ರು, ಅಲ್ವಾ?

ನಮ್ಮಜ್ಜಿ ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಮನೆಗಳ ಹಿಂಬದಿಯ ಸಣ್ಣ ಓಣಿ, ಇನ್ನೂ ಇದೆ. ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರದ ಒಂದು ತಗಡಿನ ಬಾಗಿಲು. ಚಿಕ್ಕವಳಿದ್ದಾಗ ಅದು ಬೆಕ್ಕಿಗೆ ಅಂದುಕೊಂಡಿದ್ದೆ. ಮಲ ಹೊರುವವರು ಮುಂದಿನ ರಸ್ತೆಗೆ ಬಾರದೆ ಅಲ್ಲಿಂದಲೇ ಕಕ್ಕಸಿನ ಬಕೆಟ್ ಎಳೆದುಕೊಳ್ಳುತ್ತಿದ್ದರಂತೆ. ಅವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಯಿಯ ಹೆಸರು ಮಾತ್ರ ಎಲ್ಲರಿಗೂ ನೆನಪಿದೆ!

ಈಗ ಮಂತ್ರಿ ಮಾಲ್ ಇರುವ ಕಡೆ ರಾಜಾ ಮಿಲ್ ಇತ್ತು. ಅದರ ಕೂಗು ಕೇಳಿ ನಮ್ಮಜ್ಜ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಅದೇ ಕೂಗಿಗೆ ಬುತ್ತಿ ಹಿಡಿದು ಓಡಿದವರ ಮನೆಯವರು ಇಲ್ಲಿದ್ದೀರಾ? ವಠಾರದ ಫೋಟೊ, ಸಂಬಳದ ಚೀಟಿ, ಬುತ್ತಿ ಡಬ್ಬಿ, ಏನಿದ್ದರೂ ಆಗುತ್ತದೆ. ನಾನೇ ಬಂದು ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸ್ ಕೊಡುತ್ತೇನೆ. ಫೋಟೊ ಇಲ್ಲದಿದ್ದರೆ ಹತ್ತು ನಿಮಿಷ ಮಾತಾಡಿದರೂ ಸಾಕು. ದಯವಿಟ್ಟು ಮೆಸೇಜ್ ಮಾಡಿ.