ಡಿಸಿಟಿ ಗಾಡಿ ಘಾಟಿಯಲ್ಲಿ ಬಿಸಿಯಾಯಿತು, ಇದು ನಾರ್ಮಲ್ಲಾ?

ಪ್ರಶ್ನೆ: ನಮ್ಮದು 7 ಸ್ಪೀಡ್ ಡಿಸಿಟಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಎಸ್‌ಯುವಿ, ಡ್ರೈ ಕ್ಲಚ್. ಹೋದ ವಾರ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಏರಿನಲ್ಲಿ ಬಸ್ಸೊಂದು ಕೆಟ್ಟು ನಿಂತಿತ್ತು. ಅರ್ಧ ಗಂಟೆ ಇಂಚಿಂಚೇ ತೆವಳಿದೆವು. ಗಾಡಿ ತುಂಬಾ ಜನ, ಮೇಲೆ ಅಮ್ಮ ಕೊಂಡ ಎರಡು ಹಲಸಿನಹಣ್ಣು ಬೇರೆ! ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಎಚ್ಚರಿಕೆ ಬಂತು. ಸರ್ವಿಸ್‌ನವರು "ನಾರ್ಮಲ್ ಸರ್" ಎನ್ನುತ್ತಾರೆ. ನಂಬಬಹುದಾ?

ಉತ್ತರ 1: ಅರ್ಧ ನಿಜ. ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು 1, 3, 5, 7ನೇ ಗೇರ್‌ಗೆ, ಇನ್ನೊಂದು 2, 4, 6ಕ್ಕೆ. ತೆವಳುವಾಗ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಉಜ್ಜುತ್ತಲೇ ಇರುತ್ತದೆ. ಡ್ರೈ ಕ್ಲಚ್‌ಗೆ ತಂಪು ಮಾಡಲು ಎಣ್ಣೆ ಇರುವುದಿಲ್ಲ. ಅದಕ್ಕೇ ಬಿಸಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಒತ್ತಿ. ಮುಂದೆ ಜಾಗ ಬಿಟ್ಟು, ಒಂದೇ ಸಲ ಮುಂದೆ ಹೋಗಿ. ಎಚ್ಚರಿಕೆ ಬಂದರೆ ಬದಿಗೆ ಹಾಕಿ ಪಾರ್ಕ್‌ನಲ್ಲಿ ನಿಲ್ಲಿಸಿ, ತಣಿಯಲಿ.

ಉತ್ತರ 2: ನಾನು ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವವನು. ಸುಮ್ನೆ ಟಾರ್ಕ್ ಕನ್ವರ್ಟರ್ (ಇಂಥ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಆಟೋಮ್ಯಾಟಿಕ್) ಗಾಡಿ ತಗೊಂಡೆ. ಗೇರ್ ಸ್ವಲ್ಪ ನಿಧಾನ, ಮೈಲೇಜೂ ಕಮ್ಮಿ. ತಲೆನೋವಿಲ್ಲ.

ಪ್ರಶ್ನೆ ಕೇಳಿದವರು: ಅಯ್ಯೋ, ನಾನು ಆಕ್ಸಿಲರೇಟರ್‌ನಲ್ಲೇ ಹಿಡಿದು ನಿಲ್ಲಿಸಿದ್ದೆ! ಹಲಸಿನಹಣ್ಣಿನ ಮೇಲೆ ತಪ್ಪು ಹೊರಿಸಿದ್ದೆ. ಅಮ್ಮನಿಗೆ ಹೇಳಲ್ಲ.