ಇಸಿಜಿ ಓದುವುದನ್ನು ನೀವೆಲ್ಲ ನಿಜವಾಗಿ ಕಲಿತದ್ದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮುಗಿಸಿ ಈಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ರಾತ್ರಿ ಎದೆನೋವು ಅಂತ ಬಂದವರ ಇಸಿಜಿಯನ್ನು ಮೊದಲು ನೋಡುವವಳು ನಾನೇ. ಪರೀಕ್ಷೆಗೆ ಓದಿದ್ದೆಲ್ಲ ನೆನಪಿದೆ, ಆದರೆ ಪೇಪರ್ ಕೈಗೆ ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತಲೇ ಹೊಳೆಯುವುದಿಲ್ಲ. ಕೋರ್ಸ್ ಸೇರಬೇಕಾ, ಅಥವಾ ದಿನಾ ಆನ್‌ಲೈನ್ ಕ್ವಿಜ್ ಮಾಡಿದರೆ ಸಾಕಾ? ಕೆಲಸ ಮಾಡುತ್ತಾ ಕಲಿತವರು ದಯವಿಟ್ಟು ಹೇಳಿ.

ಜಿಲ್ಲಾ ಆಸ್ಪತ್ರೆಯ ಫಿಸಿಷಿಯನ್

ಡಾಕ್ಟ್ರೇ, ಕೋರ್ಸ್ ಬೇಡ ಅನ್ನುವುದಿಲ್ಲ. ಆದರೆ ನನಗೆ ಇಸಿಜಿ ಕಲಿಸಿದ್ದು ವಾರ್ಡಿನ ಫೈಲುಗಳು. ಒಂದು ಇಸಿಜಿ ನೋಡಿ, ನನಗೆ ಏನನ್ನಿಸಿತು ಅಂತ ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಆ ರೋಗಿಗೆ ಏನಾಯ್ತು ಅಂತ ಹುಡುಕಿಕೊಂಡು ಹೋಗುತ್ತಿದ್ದೆ. ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ಎಷ್ಟು ಬಂತು, ಎಕೋದಲ್ಲಿ (ಹೃದಯದ ಸ್ಕ್ಯಾನ್) ಏನಿತ್ತು, ದೊಡ್ಡಾಸ್ಪತ್ರೆಗೆ ಕಳಿಸಿದ್ದರೆ ಆಂಜಿಯೋದಲ್ಲಿ ಯಾವ ರಕ್ತನಾಳ ಮುಚ್ಚಿತ್ತು. ಕ್ವಿಜ್‌ನಲ್ಲಿ ಉತ್ತರ ತಕ್ಷಣ ಸಿಗುತ್ತದೆ, ಮರೆತೂ ಹೋಗುತ್ತದೆ. ಎರಡು ದಿನ ಕಾದು, ಫೋನ್ ಮಾಡಿ ತಿಳಿದುಕೊಂಡ ಉತ್ತರ ಮರೆಯುವುದಿಲ್ಲ.

ಕ್ವಿಜ್‌ನಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿ ಪ್ರತಿ ಚಿತ್ರದಲ್ಲೂ ಏನೋ ಒಂದು ಕಾಯಿಲೆ ಇರುತ್ತದೆ. ನಿಮ್ಮ ಟೇಬಲ್‌ಗೆ ಬರುವ ಇಸಿಜಿಗಳಲ್ಲಿ ಜಾಸ್ತಿ ಇರುವುದು ನಾರ್ಮಲ್ ಅಥವಾ ನಾರ್ಮಲ್‌ಗೆ ಹತ್ತಿರದವು, ಅಲ್ವಾ? ಅದಕ್ಕೆ ಮೊದಲು ಆರೋಗ್ಯವಂತರ ಇಸಿಜಿಗಳನ್ನು ಬೇಜಾರಾಗುವಷ್ಟು ನೋಡಿ, ಸರ್ಜರಿ ವಾರ್ಡ್‌ನಲ್ಲಿ ಆಪರೇಷನ್‌ಗೆ ಮುಂಚೆ ತೆಗೆದವು ಬೇಕಾದಷ್ಟು ಸಿಗುತ್ತವೆ. ಎದೆಯ ಮೇಲಿನ ವಿ1 ಲೀಡ್‌ನಲ್ಲಿ, ಕೈಕಾಲುಗಳ ಮೂರನೇ ಲೀಡ್‌ನಲ್ಲಿ (ಲೀಡ್ ಅಂದರೆ ಹೃದಯವನ್ನು ಒಂದೊಂದು ದಿಕ್ಕಿನಿಂದ ತೋರಿಸುವ ಗೆರೆ) ಟಿ, ಅಂದರೆ ಬಡಿತದ ಕೊನೆಯ ಅಲೆ, ತಲೆಕೆಳಗಾಗಿದ್ದರೆ ಅಷ್ಟಕ್ಕೇ ಗಾಬರಿ ಬೇಡ. ಗಟ್ಟಿಮುಟ್ಟಾದ ಹುಡುಗರಲ್ಲಿ ವಿ2ರಿಂದ ವಿ4ರವರೆಗೆ ಎಸ್‌ಟಿ (ಟಿಗೆ ಮುಂಚಿನ ಸಪಾಟು ಭಾಗ) ಸ್ವಲ್ಪ ಎದ್ದಿರುವುದು ಸಾಮಾನ್ಯ. ಬಹಳ ವರ್ಷದಿಂದ ಬಿಪಿ ಇರುವವರಲ್ಲಿ ಎಡ ವೆಂಟ್ರಿಕಲ್ (ಹೃದಯದ ಕೆಳಗಿನ ಕೋಣೆ) ದಪ್ಪಗಾಗಿ, ವಿ1ರಿಂದ ವಿ3ರಲ್ಲಿ ಎಸ್‌ಟಿ ಎದ್ದು, ವಿ5, ವಿ6ರಲ್ಲಿ ಇಳಿದು ಕಾಣುತ್ತದೆ. ಹಳೇ ಇಸಿಜಿ ಕೇಳಿ. ನಮ್ಮ ಜನ ಪ್ಲಾಸ್ಟಿಕ್ ಕವರ್‌ನಲ್ಲಿ ಎಲ್ಲ ಕಾಗದ ಇಟ್ಟುಕೊಂಡೇ ಬರುತ್ತಾರೆ, ಸುಮ್ನೆ ಒಂದು ಸಲ ಕೇಳಬೇಕು ಅಷ್ಟೆ.

ಎಲ್ಲಿಂದ ಶುರು ಅಂದಿರಿ. ಮೊದಲು ಹೆಸರು, ವಯಸ್ಸು, ಟೈಮ್, ಆಮೇಲೆ ಪೇಪರ್ ಸ್ಪೀಡ್ ಸೆಕೆಂಡಿಗೆ 25 ಮಿ.ಮೀ., ವೋಲ್ಟೇಜ್ ಒಂದು ಮಿಲಿವೋಲ್ಟ್‌ಗೆ 10 ಮಿ.ಮೀ. ಇದೆಯಾ ಅಂತ. ಸ್ಪೀಡ್ 50ಕ್ಕೆ ಇಟ್ಟಿದ್ದರೆ ಎಲ್ಲವೂ ಅಗಲವಾಗಿ ಕಾಣುತ್ತದೆ. ರೇಟ್‌ಗೆ 300 ಅನ್ನು ಎರಡು ಬಡಿತಗಳ ನಡುವಿನ ದೊಡ್ಡ ಚೌಕಗಳ ಸಂಖ್ಯೆಯಿಂದ ಭಾಗಿಸಿ. ಬಡಿತ ಏರುಪೇರಾಗಿದ್ದರೆ ಆ ಲೆಕ್ಕ ನಡೆಯುವುದಿಲ್ಲ, 10 ಸೆಕೆಂಡಿನ ಸ್ಟ್ರಿಪ್‌ನಲ್ಲಿರುವ ಕ್ಯೂಆರ್‌ಎಸ್ (ಪ್ರತಿ ಬಡಿತದ ಚೂಪಾದ ದೊಡ್ಡ ಅಲೆ) ಎಣಿಸಿ 6ರಿಂದ ಗುಣಿಸಿ. ನಂತರ ಪ್ರತಿ ಕ್ಯೂಆರ್‌ಎಸ್‌ಗೆ ಮುಂಚೆ ಪಿ (ಮೊದಲ ಸಣ್ಣ ಅಲೆ) ಇದೆಯಾ, ಪಿಆರ್ (ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ) ಐದು ಸಣ್ಣ ಚೌಕದೊಳಗಿದೆಯಾ, ಕ್ಯೂಆರ್‌ಎಸ್ ಮೂರು ಸಣ್ಣ ಚೌಕಕ್ಕಿಂತ ಕಡಿಮೆ ಇದೆಯಾ. ಎಸ್‌ಟಿ, ಟಿ ಇದೆಲ್ಲ ಆದ ಮೇಲೆ. ಎದೆನೋವಿನವರಲ್ಲಿ ಕಣ್ಣು ನೇರ ಎಸ್‌ಟಿಗೇ ಹೋಗುತ್ತದೆ, ಹೋಗಲಿ, ಆದರೆ ವಾಪಸ್ ಬಂದು ಮೊದಲಿಂದ ನೋಡಿ. ಮಷಿನ್ ಮೇಲ್ಗಡೆ ಪ್ರಿಂಟ್ ಮಾಡಿದ ಡಯಾಗ್ನೋಸಿಸ್ ಇದೆಯಲ್ಲ, ಆ ಭಾಗವನ್ನು ಮಡಚಿ ಹಿಡಿಯಿರಿ. ನಿಮ್ಮದು ಬರೆದಾದ ಮೇಲೆ ಬಿಚ್ಚಿ ನೋಡಿ.

ಇಸಿಜಿ ಟೆಕ್ನಿಷಿಯನ್

ಮೇಡಂ, ಡಾಕ್ಟರುಗಳು ಒಂದು ವಾರ ನಮ್ಮ ಜೊತೆ ನಿಂತು ಕೈಯಾರೆ ಲೀಡ್ ಹಾಕಬೇಕು ಅಂತ ನನ್ನ ಆಸೆ. ವಿ1, ವಿ2 ನಾಲ್ಕನೇ ಇಂಟರ್‌ಕೋಸ್ಟಲ್ ಸ್ಪೇಸ್‌ನಲ್ಲಿ (ಪಕ್ಕೆಲುಬುಗಳ ನಡುವಿನ ಜಾಗ) ಬರಬೇಕು. ಸ್ಟರ್ನಲ್ ಆಂಗಲ್ (ಎದೆಮೂಳೆಯ ಮೇಲ್ಭಾಗದ ಉಬ್ಬು) ಮುಟ್ಟಿ, ಪಕ್ಕದಲ್ಲಿ ಸಿಗುವುದು ಎರಡನೇ ಪಕ್ಕೆಲುಬು, ಅಲ್ಲಿಂದ ಕೆಳಗೆ ಎಣಿಸಬೇಕು. ಅವಸರದಲ್ಲಿ ಅವನ್ನು ಮೇಲೆ ಹಾಕುವುದು ಎಲ್ಲ ಕಡೆ ನಡೆಯುತ್ತದೆ, ಆಗ ಇಲ್ಲದ ಬಂಡಲ್ ಬ್ಲಾಕ್ (ಹೃದಯದ ವಿದ್ಯುತ್ ದಾರಿಯಲ್ಲಿ ತಡೆ), ಇಲ್ಲದ ಹಳೇ ಎಂಐ (ಹೃದಯಾಘಾತ) ಕಾಣಿಸುತ್ತದೆ. ಹೆಂಗಸರಿಗೆ ಸ್ಕ್ರೀನ್ ಎಳೆದು, ಹೇಳಿ, ಸ್ತನದ ಕೆಳಗೆ ಸರಿಯಾದ ಜಾಗದಲ್ಲೇ ವಿ4 ಹಾಕಿ. ಸಂಕೋಚದಿಂದ ಎಲ್ಲೋ ಒಂದು ಕಡೆ ಹಾಕಿದರೆ ತೊಂದರೆ ಆಗುವುದು ಅವರಿಗೇ. ಒಂದನೇ ಲೀಡ್ ಪೂರ್ತಿ ತಲೆಕೆಳಗಾಗಿ, ಎವಿಆರ್ ಲೀಡ್ ಮೇಲ್ಮುಖವಾಗಿದ್ದರೆ ಎಡ ಬಲ ಕೈ ಕ್ಲಿಪ್ ಅದಲು ಬದಲಾಗಿದೆಯಾ ನೋಡಿ. ಎರಡನೇ ಲೀಡ್ ಮಾತ್ರ ಹೆಚ್ಚುಕಡಿಮೆ ಗೆರೆ ಎಳೆದ ಹಾಗಿದ್ದರೆ ಬಲಗೈ, ಬಲಗಾಲು ಕ್ಲಿಪ್ ಬದಲಾಗಿರಬಹುದು. ಅನುಮಾನ ಬಂದರೆ ಇನ್ನೊಂದು ತೆಗೆಯಿರಿ ಅನ್ನಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವರು

ಮೇಲಿನ ಎರಡೂ ಮಾತಿಗೆ ನನ್ನ ಒಪ್ಪಿಗೆ ಇದೆ. ನಾನು ಎದೆನೋವಿನ ಬಗ್ಗೆ ಮಾತ್ರ ಹೇಳುತ್ತೇನೆ.

ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಿ ಅದನ್ನು ನೀವು ನೋಡಿರಬೇಕು. ಮೊದಲನೆಯದು ನಾರ್ಮಲ್ ಬಂತು ಅಂತ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಬೇಡಿ. ನೋವು ಇನ್ನೂ ಇದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ, ಲೀಡ್ ಜಾಗ ಬದಲಾಗದ ಹಾಗೆ. ಎಷ್ಟೋ ಸಲ ಉತ್ತರ ಸಿಗುವುದು ಎರಡನೇ ಪೇಪರಿನಲ್ಲಿ. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದ ಹೆಂಗಸರು ನೋವು ಅಂತಲೇ ಹೇಳದೆ ಬರೀ ಬೆವರು, ಸುಸ್ತು, ಉಸಿರು ಕಟ್ಟಿದ ಹಾಗೆ ಅಂತ ಬರುತ್ತಾರೆ. ಅವರಿಗೂ ತೆಗೆಯಿರಿ.

ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ ಎದ್ದಂತೆ ಅನ್ನಿಸಿದರೆ ಕಣ್ಣು ಎವಿಎಲ್‌ಗೆ ಹೋಗಲಿ. ಅಲ್ಲಿ ಎಸ್‌ಟಿ ಇಳಿದಿದ್ದರೆ ಹೃದಯಾಘಾತದ ಅನುಮಾನ ಗಟ್ಟಿಯಾಗುತ್ತದೆ. ಹಾಗೇ ವಿ4 ಲೀಡನ್ನು ಬಲಗಡೆ ಹಾಕಿ ವಿ4ಆರ್ ತೆಗೆಯಿರಿ. ಪೆಟ್ಟಿನಲ್ಲಿ ಬಲ ವೆಂಟ್ರಿಕಲ್ ಕೂಡ ಸೇರಿದ್ದರೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯಿಂದ ಬಿಪಿ ದಢಾರನೆ ಬೀಳಬಹುದು, ಅದಕ್ಕೇ ಮಾತ್ರೆಗೆ ಮುಂಚೆ ಇದನ್ನು ನೋಡುವುದು. ವಿ1ರಿಂದ ವಿ3ರಲ್ಲಿ ಎಸ್‌ಟಿ ಇಳಿದು ಆರ್ (ಕ್ಯೂಆರ್‌ಎಸ್‌ನ ಮೇಲ್ಮುಖ ಅಲೆ) ಎತ್ತರವಾಗಿದ್ದರೆ ಬೆನ್ನಿನ ಕಡೆ ವಿ7ರಿಂದ ವಿ9 ಹಾಕಿ ನೋಡಿ.

ಒಬ್ಬರೇ ಇದ್ದೇನೆ ಅಂದುಕೊಳ್ಳಬೇಡಿ. ರಾಜ್ಯ ಸರ್ಕಾರದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ನಿಮ್ಮ ಆಸ್ಪತ್ರೆ ಇದ್ದರೆ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಹಬ್‌ಗೆ (ಮುಖ್ಯ ಕೇಂದ್ರ) ಕಳಿಸಿ ಅಭಿಪ್ರಾಯ ಪಡೆಯಬಹುದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ನಿಮ್ಮಲ್ಲೇ ಉಚಿತವಾಗಿ ಕೊಡಬಹುದು. ಆದರೆ ಕಳಿಸುವ ಮೊದಲು ನಿಮ್ಮ ಅಭಿಪ್ರಾಯ ಬರೆದಿಡಿ. ಸುಮ್ನೆ ಫಾರ್ವರ್ಡ್ ಮಾಡುತ್ತಾ ಹೋದರೆ ವರ್ಷ ಕಳೆದರೂ ಕಲಿಯುವುದಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೀಟಿ ಬರೆಯುವುದನ್ನು ಇವತ್ತಿಂದಲೇ ಶುರು ಮಾಡುತ್ತೇನೆ. ಒಂದು ಮಾತು ಕೇಳಬೇಕಿತ್ತು, ನಮ್ಮಲ್ಲಿ ವಿಷ ತೆಗೆದುಕೊಂಡು ಬರುವವರು ಜಾಸ್ತಿ. ಅವರ ಇಸಿಜಿಯಲ್ಲಿ ಏನು ನೋಡಬೇಕು?

ಐಸಿಯು ಡಾಕ್ಟರ್

ಒಳ್ಳೇ ಪ್ರಶ್ನೆ ತಂಗಿ. ಹಳದಿ ಕಣಗಿಲೆ ಬೀಜ ತಿಂದು ಬಂದವರನ್ನು ಹುಷಾರಾಗಿ ನೋಡಿ. ಅದು ಹೃದಯಕ್ಕೆ ಕೊಡುವ ಔಷಧ ಡಿಗಾಕ್ಸಿನ್ ಥರ ಕೆಲಸ ಮಾಡುತ್ತದೆ. ಬಡಿತ ನಿಧಾನವಾಗುತ್ತದೆ, ಪಿಆರ್ ಉದ್ದವಾಗುತ್ತಾ ಹೋಗಿ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಪೂರ್ತಿ ಬ್ಲಾಕ್ ಆಗಬಹುದು. ಬಂದಾಗ ಚೆನ್ನಾಗಿ ಮಾತಾಡುತ್ತಿರುತ್ತಾರೆ, ಗಂಟೆಗಳ ನಂತರ ಕೆಡುತ್ತಾರೆ. ಅದಕ್ಕೆ ಮಾನಿಟರ್‌ಗೆ ಹಾಕಿ, ಪೊಟ್ಯಾಸಿಯಂ ನೋಡಿ, ಇಸಿಜಿ ಮತ್ತೆ ಮತ್ತೆ ತೆಗೆಯಿರಿ, ಪಿಆರ್ ಉದ್ದವಾಗುವುದು ಕಂಡ ಕೂಡಲೇ ಟೆಂಪರರಿ ಪೇಸಿಂಗ್ (ಯಂತ್ರದಿಂದ ತಾತ್ಕಾಲಿಕವಾಗಿ ಹೃದಯ ಬಡಿಸುವುದು) ಇರುವ ಕಡೆಗೆ ಮಾತಾಡಿ. ಕೀಟನಾಶಕ ಕುಡಿದವರಲ್ಲಿ ಕ್ಯೂಟಿ (ಕ್ಯೂಆರ್‌ಎಸ್ ಶುರುವಿನಿಂದ ಟಿ ಮುಗಿಯುವವರೆಗಿನ ಸಮಯ) ಅಳೆಯಿರಿ. ಕ್ಯೂಟಿಸಿ (ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) 500 ಮಿಲಿಸೆಕೆಂಡ್ ದಾಟಿದ್ದರೆ ವಾಂತಿಗೆ ಅಂತ, ಕ್ಯೂಟಿಯನ್ನು ಇನ್ನೂ ಉದ್ದ ಮಾಡಬಲ್ಲ ಒಂಡಾನ್ಸೆಟ್ರಾನ್ ಬರೆಯುವ ಮುಂಚೆ ಯೋಚಿಸಿ, ಪೊಟ್ಯಾಸಿಯಂ, ಮೆಗ್ನೀಸಿಯಂ ಸರಿ ಮಾಡಿ.

ಮತ್ತೆ, ಇಸಿಜಿಯ ಥರ್ಮಲ್ ಪೇಪರ್ ದಿನ ಕಳೆದಂತೆ ಮಾಸಿಹೋಗುತ್ತದೆ. ಕಲಿಯಲು ಇಟ್ಟುಕೊಳ್ಳುವುದಾದರೆ ಹೆಸರು, ಐಪಿ (ಒಳರೋಗಿ) ನಂಬರ್ ಮುಚ್ಚಿ ಫೋಟೋ ತೆಗೆದು, ತಾರೀಖಿನ ಜೊತೆ ನಿಮ್ಮ ಚೀಟಿಯಲ್ಲಿ ಬರೆದಿದ್ದನ್ನೂ ಸೇರಿಸಿಡಿ.