4294967297: ಒಂದು ಹೆಜ್ಜೆ ಅರ್ಥವಾಗುತ್ತಿಲ್ಲ, ಸಹಾಯ ಬೇಕು

ನಮಸ್ಕಾರ. ಸಾಗರದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಒಬ್ಬಳು ಕೇಳಿದ ಪ್ರಶ್ನೆಗೆ ತಲೆ ಕೆಟ್ಟುಹೋಗಿದೆ.

4294967297, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಇದು ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641ರಿಂದ ಭಾಗಿಸಿ ತೋರಿಸಿದರು. ಮಳೆಗೆ ಕರೆಂಟ್ ಇರಲಿಲ್ಲ, ಅಡಿಕೆ ಮಂಡಿ ಚೀಟಿಯ ಹಿಂದೆ ನಾವೂ ಭಾಗಿಸಿದೆವು. 6700417 ಬಂತು, ಶೇಷ ಸೊನ್ನೆ.

ಇದರ ಅವಿಭಾಜ್ಯ ಅಪವರ್ತನಗಳನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕಂತೆ. ಹಾಗಾದರೆ 193, 257, 449, 577 ಆದಮೇಲೆ ಐದನೆಯದೇ 641! ಎಷ್ಟು ಕೆಲಸ ಉಳಿಯಿತು ಅಲ್ವಾ?

ಅವಿಭಾಜ್ಯ ಅಪವರ್ತನ 'ಪಿ' ಆದರೆ, ಅದರಿಂದ ಭಾಗಿಸಿದಾಗ 2ರ 32ನೇ ಘಾತಕ್ಕೆ ಶೇಷ -1, 64ನೇ ಘಾತಕ್ಕೆ 1. ಇಲ್ಲಿಯವರೆಗೆ ಸರಿ. ಫರ್ಮಾನ ಚಿಕ್ಕ ಪ್ರಮೇಯವೂ (ಇಲ್ಲಿ, 2ರ 'ಪಿ-1'ನೇ ಘಾತಕ್ಕೂ ಶೇಷ 1 ಅನ್ನುವುದು) ಗೊತ್ತು. ಆದರೆ ಇವೆರಡರಿಂದ 'ಪಿ'ಯಲ್ಲಿ 1 ಕಳೆದರೆ ಅದು 64ರಿಂದ ಭಾಗವಾಗುತ್ತದೆ ಅಂತ ಹೇಗೆ ಹೇಳುವುದು? ಪಿಯುಸಿ ಮಕ್ಕಳಿಗೆ ತಿಳಿಯುವ ಹಾಗೆ ಯಾರಾದರೂ ಬಿಡಿಸಿ ಬರೆಯುತ್ತೀರಾ?